ಭಾಷಣ ಬೇಡ, ರಿಜಿಸ್ಟರ್ ತನ್ನಿ

ನಮ್ಮ ಮೊದಲ ಸಭೆ ನೆಲಕಚ್ಚಿತು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ಕಡೆಯ ಒಂದು ಹಳ್ಳಿ ಲೈಬ್ರರಿ ನೋಡಿಕೊಳ್ಳುವವಳು ನಾನು. ಒಂದು ಕೋಣೆ, ನಾಲ್ಕು ಕಬ್ಬಿಣದ ಕಪಾಟು, ಸಂಜೆ ಪೇಪರಿಗೆ ಬರುವ ಹಿರಿಯರು. ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯೂ ಇಂಥ ಲೈಬ್ರರಿಗಳಿವೆ. ಆದರೆ ನಮಗೆ ಒಬ್ಬರ ಮುಖ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಒಂದು ತರಬೇತಿಯಲ್ಲಿ ಹಿಂದಿನ ಬೆಂಚಿನಲ್ಲಿ ಸಿಕ್ಕಿದೆವು. ಪಾಠ ಮಲಯಾಳದಲ್ಲಿ. ಮಾತಾಡಲು ನಮಗೆ ಮಲಯಾಳ ಸಲೀಸು, ಬೋರ್ಡಿನಲ್ಲಿ ಬರೆದದ್ದನ್ನು ಓದಲು ಮಾತ್ರ ತಡವರಿಕೆ. ಊಟದ ಹೊತ್ತಿಗೆ ಫೋನ್ ನಂಬರ್ ಹಂಚಿಕೊಂಡು, ನಾವೇ ಸೇರೋಣ ಎಂದುಕೊಂಡೆವು.

ಆಗಸ್ಟ್ 12 ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಹುಟ್ಟಿದ ದಿನ, ಲೈಬ್ರರಿಯನ್ನರ ದಿನ. ಅದನ್ನೇ ಗೊತ್ತು ಮಾಡಿದೆ. ಒಬ್ಬರನ್ನು ಭಾಷಣಕ್ಕೆ ಕರೆದೆ, ಬ್ಯಾನರ್ ಕಟ್ಟಿಸಿದೆ. ರಂಗನಾಥನ್ 1931ರಲ್ಲಿ ಕೊಟ್ಟ ಐದು ಸೂತ್ರಗಳ ಬಗ್ಗೆ ಎರಡು ಗಂಟೆ ಮಾತಾಯಿತು. ಅವುಗಳಲ್ಲಿ ಒಂದು ‘ಓದುಗರ ಸಮಯ ಉಳಿಸಿ’ ಎಂಬುದು! ಬಂದ ಒಂಬತ್ತು ಜನರಲ್ಲಿ ಐದು ಜನ ಮಧ್ಯದಲ್ಲೇ ಬಸ್ಸು ಹಿಡಿದರು.

ಎರಡನೇ ಸಲ ಒಂದೇ ನಿಯಮ ಇಟ್ಟೆ. ಸ್ಟಾಕ್ ರಿಜಿಸ್ಟರ್ ತನ್ನಿ, ಒಂದು ತಲೆನೋವು ತನ್ನಿ. ವೇದಿಕೆ ಇಲ್ಲ, ಮೇಜಿನ ಸುತ್ತ ಕುರ್ಚಿ. ಚಾ, ಗೋಳಿಬಜೆ.

ಬದಿಯಡ್ಕ ಕಡೆಯವರು ತಂದ ತಲೆನೋವು ಕವಿ ಕಯ್ಯಾರ ಕಿಞ್ಞಣ್ಣ ರೈಯವರದ್ದು. ಅವರ ಲೈಬ್ರರಿಗೆ ಒಬ್ಬ ಹುಡುಗ ಬಂದು ಕಯ್ಯಾರರ ಪುಸ್ತಕ ಕೇಳಿದ್ದಾನೆ. ಕಂಪ್ಯೂಟರಿನಲ್ಲಿ ಹುಡುಕಿದರೆ ಒಂದೂ ಇಲ್ಲ. ಕಪಾಟಿನಲ್ಲಿ ನೋಡಿದರೆ ನಾಲ್ಕು! ಆ ಊರಿನ ಹತ್ತಿರವೇ ಬಾಳಿದ ಕವಿ ಅಲ್ವಾ, ಅವರಿಗೆ ನಾಚಿಕೆಯೇ ಆಗಿತ್ತು. ರಿಜಿಸ್ಟರ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆವು. ಒಂದರಲ್ಲಿ ‘ಕಿಞ್ಞಣ್ಣ ರೈ’, ಇನ್ನೊಂದರಲ್ಲಿ ‘ಕಿಂಞಣ್ಣ ರೈ’, ಮತ್ತೊಂದರಲ್ಲಿ ‘ಕಿಞಣ್ಣ’. ನನ್ನದರಲ್ಲಿ ‘ಕಿನ್ಯಣ್ಣ’ ಅಂತಲೂ ಇತ್ತು, ಬರೆದದ್ದು ನಾನೇ. ಆ ಞ ಅಕ್ಷರ ಕೀಬೋರ್ಡಿನಲ್ಲಿ ಸಿಗದೆ ಕೈಗೆ ಸಿಕ್ಕಿದ್ದು ಒತ್ತಿದ್ದೆ. ನಮ್ಮ ಕಣ್ಣಿಗೆ ಇವೆಲ್ಲ ಒಬ್ಬರೇ, ಯಂತ್ರಕ್ಕೆ ನಾಲ್ಕು ಜನ.

ಅಲ್ಲೇ ಒಂದು ನೂರು ಪುಟದ ನೋಟ್‌ಬುಕ್ ತರಿಸಿದೆವು. ಎಡಗಡೆ ಎಲ್ಲರೂ ಬಳಸಬೇಕಾದ ರೂಪ, ಬಲಗಡೆ ಓದುಗರು ಕೇಳಬಹುದಾದ ಬೇರೆ ರೂಪಗಳು. ಪುಸ್ತಕದ ಮೇಲೆ ಹೇಗೇ ಅಚ್ಚಾಗಿರಲಿ, ಲೇಖಕರ ಕಾಲಮ್ಮಿನಲ್ಲಿ ಎಡಗಡೆಯದ್ದೇ ಬರಬೇಕು. ದೊಡ್ಡ ಲೈಬ್ರರಿಗಳಲ್ಲಿ ಇದಕ್ಕೆ ಅಥಾರಿಟಿ ಫೈಲ್ ಅನ್ನುತ್ತಾರೆ. ನಮ್ಮದು ಸುಮ್ನೆ ‘ಹೆಸರಿನ ಪುಸ್ತಕ’. ಗೋವಿಂದ ಪೈಯವರ ಸರದಿ ಬಂದಾಗ ಅರ್ಧ ಗಂಟೆ ಜಗಳ. ‘ಪೈ, ಗೋವಿಂದ’ ಎಂದು ಬರೆಯುವುದೇ ಕ್ರಮ ಎಂದರು ಒಬ್ಬರು. ಮಂಜೇಶ್ವರದಲ್ಲಿ ಯಾರೂ ಹಾಗೆ ಕೇಳಿಕೊಂಡು ಬರುವುದಿಲ್ಲ ಎಂದೆ ನಾನು. ‘ಗೋವಿಂದ ಪೈ’ ಗೆದ್ದಿತು. ಪಂಡಿತರು ಒಪ್ಪದಿರಬಹುದು.

ಮೂರನೇ ಸಭೆ ನುಡಿ ಫಾಂಟಿನ ಜೊತೆ ಒದ್ದಾಟ. ಹಳೆ ನುಡಿ ಫೈಲಿನಲ್ಲಿ ಇರುವುದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ ಕನ್ನಡದ ಚಿತ್ರ. ಲೈಬ್ರರಿ ಪಟ್ಟಿ ಇಡುವ ಕೋಹಾ ತಂತ್ರಾಂಶಕ್ಕೆ ಹಾಕಿದರೆ ಬರೀ ಗಜಿಬಿಜಿ. ಮೊದಲು ಪ್ರತಿ ಕನ್ನಡ ಅಕ್ಷರಕ್ಕೂ ಸ್ವಂತ ಸಂಕೇತ ಇರುವ ಯೂನಿಕೋಡ್‌ಗೆ ಬದಲಾಯಿಸಬೇಕು. ನಾನು ಒಂದೇ ಏಟಿಗೆ ಇಡೀ ಪಟ್ಟಿ ಬದಲಾಯಿಸಿ, ಹಳೆ ಫೈಲ್ ಅಳಿಸಿ ಕೂತಿದ್ದೆ. ಅರ್ಕಾವತ್ತು ಎಲ್ಲೆಲ್ಲೋ ಹೋಗಿತ್ತು. ಒಂದು ವಾರ ಕೈಯಲ್ಲಿ ತಿದ್ದಿದೆ. ನೀವು ಇಪ್ಪತ್ತು ಸಾಲು ಮಾತ್ರ ಮಾಡಿ ನೋಡಿ, ಹಳೆಯದನ್ನು ಇಟ್ಟುಕೊಳ್ಳಿ.

ಊರವರಿಗಾಗಿ ಮಾಡಿದ ಕಾರ್ಯಕ್ರಮದ ಐಡಿಯಾ ಕೂಡ ಆ ಮೇಜಿನಲ್ಲೇ ಹುಟ್ಟಿತು. ಜೂನ್ 19 ಕೇರಳದಲ್ಲಿ ವಾಚನ ದಿನ, ಅಲ್ಲಿ ಗ್ರಂಥಾಲಯ ಚಳವಳಿ ಕಟ್ಟಿದ ಪಿ. ಎನ್. ಪಣಿಕ್ಕರ್ ತೀರಿಕೊಂಡ ದಿನ. ಪ್ರತಿ ವರ್ಷ ಮಕ್ಕಳಿಗೆ ಕ್ವಿಜ್ ಮಾಡಿ ಮಾಡಿ ನನಗೇ ಬೇಜಾರಾಗಿತ್ತು. ಕಣ್ಣೂರಿನ ಬೀಡಿ ಕಾರ್ಖಾನೆಗಳಲ್ಲಿ ಹಿಂದೆ ಒಬ್ಬರು ಪೇಪರ್ ಓದುತ್ತಿದ್ದರು, ಉಳಿದವರು ಕೇಳುತ್ತಾ ಬೀಡಿ ಕಟ್ಟುತ್ತಿದ್ದರು ಎಂದು ಕುಂಬಳೆಯವರು ನೆನಪಿಸಿದರು. ನಮ್ಮ ಊರಲ್ಲೂ ಮನೆ ಜಗಲಿಯಲ್ಲಿ ಬೀಡಿ ಕಟ್ಟುವ ಹೆಂಗಸರಿದ್ದಾರೆ. ಕೈಗೆ ಬಿಡುವಿಲ್ಲ, ಕಿವಿಗೆ ಇದೆ. ಒಂದು ಕಥೆ ಪುಸ್ತಕ ಹಿಡಿದು ಹೋದೆ. ಕನ್ನಡದಲ್ಲಿ ಓದಿದೆ, ಮಧ್ಯೆ ಮಧ್ಯೆ ತುಳುವಿನಲ್ಲಿ ಹೇಳಿದೆ. ಮಲಯಾಳ ಮೀಡಿಯಮ್ಮಿನ ಮಕ್ಕಳು ಬಂದು ಕೂತರು. ಕನ್ನಡ ಓದಲು ಬಾರದವರು, ಕೇಳಿದರೆ ಪೂರ್ತಿ ಗೊತ್ತಾಗುತ್ತದೆ. ಮಳೆ ಜೋರಾಗಿ ಹಂಚಿನ ಮೇಲೆ ಸುರಿದು ನನ್ನ ದನಿ ಕೇಳದಾದಾಗ ನಿಲ್ಲಿಸಿದೆ. ಒಬ್ಬಾಕೆ ಬೀಡಿ ತುಂಬಿದ ಸೂಪನ್ನು (ಮೊರವನ್ನು) ಬದಿಗೆ ಸರಿಸಿ, ಆ ಪುಟಕ್ಕೆ ಗುರುತಾಗಿ ಒಂದು ಬೀಡಿ ಎಲೆ ಇಟ್ಟರು.

ಆ ಎಲೆ ಈಗಲೂ ಪುಸ್ತಕದಲ್ಲೇ ಇದೆ. ಬೂಷ್ಟು ಹಿಡಿಯುತ್ತದೆ ತೆಗೆಯಿರಿ ಎಂದು ಪೆರ್ಲದವರು ಬೈದರು. ಮುಂದಿನ ಸಭೆ ಅವರಲ್ಲಿ, ವಿಷಯವೂ ಬೂಷ್ಟೇ.