ಹಾಪ್ಕಿನ್ಸ್ ಹಳ್ಳಿಯನ್ನು ಸರಿಯಾಗಿ ನೋಡುವುದು ಹೇಗೆ?

ಮಧ್ಯ ಅಮೆರಿಕದ ಬೆಲೀಜ್ ದೇಶದ ಹಾಪ್ಕಿನ್ಸ್‌ಗೆ ಹೋಗಿ ಸುಮ್ನೆ ಬೀಚ್ ನೋಡಿ ಬಂದರೆ ಸಾಲದು.

ಮೊದಲು ಮ್ಯಾಪ್ ತೆಗೆಯಿರಿ. ಡಂಗ್ರಿಗಾ ಪಟ್ಟಣದಿಂದ ದಕ್ಷಿಣಕ್ಕೆ ಬನ್ನಿ. ಕಡಲಂಚಿಗೆ ಉದ್ದಕ್ಕೆ ಚಾಚಿಕೊಂಡ ಊರು ಸಿಗುತ್ತದೆ. ಎದುರಿಗೆ ಕೆರಿಬಿಯನ್ ಸಮುದ್ರ, ಬೆನ್ನಿಗೆ ಜೌಗು ನೆಲ, ದೂರದಲ್ಲಿ ಮಾಯಾ ಬೆಟ್ಟಗಳು. ಬಿರುಗಾಳಿ ಬಂದರೆ ಇಂಥ ಊರಿಗೆ ಮರೆಯೇ ಇಲ್ಲ, ಅಲ್ವಾ? ಈ ಹಳ್ಳಿ ಹುಟ್ಟಿದ್ದೂ ಬಿರುಗಾಳಿಯಿಂದಲೇ. 1940ರ ದಶಕದ ಆರಂಭದಲ್ಲಿ ನ್ಯೂಟೌನ್ ಅನ್ನೋ ಹಳ್ಳಿ ಚಂಡಮಾರುತಕ್ಕೆ ನಾಶವಾಯಿತು, ಅಲ್ಲಿನ ಗರಿಫುನಾ ಜನ ಇಲ್ಲಿಗೆ ಬಂದು ಮನೆ ಕಟ್ಟಿಕೊಂಡರು. ಊರಿನ ಹೆಸರು ಕೂಡ 1923ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡ ಬಿಷಪ್ ಫ್ರೆಡರಿಕ್ ಹಾಪ್ಕಿನ್ಸ್ ಅವರದು. ಕಂಬಗಳ ಮೇಲೆ ನಿಂತ ಮರದ ಮನೆ ಕಂಡರೆ ಇದನ್ನೆಲ್ಲ ನೆನಪಿಸಿಕೊಳ್ಳಿ.

ಇತಿಹಾಸವನ್ನು ಮಾತ್ರ ಇಲ್ಲಿಂದ ಶುರು ಮಾಡಬೇಡಿ. ಕೆರಿಬಿಯನ್ ಸಮುದ್ರದ ಸೇಂಟ್ ವಿನ್ಸೆಂಟ್ ದ್ವೀಪದಿಂದ ಶುರು ಮಾಡಿ. ಅಲ್ಲಿನ ಮೂಲನಿವಾಸಿಗಳೂ ಆಫ್ರಿಕನ್ನರೂ ಬೆರೆತು ಆದವರೇ ಗರಿಫುನಾ ಜನ. ಬ್ರಿಟಿಷರ ವಿರುದ್ಧ ಹೋರಾಡುತ್ತಾ ಅವರ ನಾಯಕ ಜೋಸೆಫ್ ಶಟೋಯೆ 1795ರಲ್ಲಿ ಪ್ರಾಣ ಬಿಟ್ಟರು. ಸೋತವರನ್ನು ಬಾಲಿಸೋ ಅನ್ನೋ ಪುಟ್ಟ ದ್ವೀಪದಲ್ಲಿ ಕೂಡಿಹಾಕಿದರು. ಸುಮಾರು ಅರ್ಧದಷ್ಟು ಜನ ಅಲ್ಲೇ ಸತ್ತರು, ಇದನ್ನು ಓದಿದಾಗ ಯಾರಿಗಾದರೂ ಹೊಟ್ಟೆ ಕಿವುಚುತ್ತದೆ. ಉಳಿದವರನ್ನು 1797ರಲ್ಲಿ ಹಡಗಿಗೆ ತುಂಬಿ ಹೊಂಡುರಾಸ್ ಹತ್ತಿರದ ರೊವಾಟಾನ್ ದ್ವೀಪದಲ್ಲಿ ಇಳಿಸಿ ಬಂದರು. ಅಲ್ಲಿಂದ ಮುಖ್ಯ ನೆಲಕ್ಕೆ ದಾಟಿ, ಕರಾವಳಿಯ ಉದ್ದಕ್ಕೂ ಹರಡುತ್ತಾ ಬೆಲೀಜ್‌ಗೂ ಬಂದರು.

ಸಾಧ್ಯವಾದರೆ ನವೆಂಬರ್ 19ಕ್ಕೆ ಹೋಗಿ. 1832ರಲ್ಲಿ ಗರಿಫುನಾ ಜನ ಬೆಲೀಜ್‌ಗೆ ಬಂದು ಸೇರಿದ್ದರ ನೆನಪಿಗೆ ಅವತ್ತು ದೇಶಕ್ಕೆಲ್ಲ ರಜೆ. ಬೆಳಿಗ್ಗೆ ದೋಣಿಗಳು ಡೋಲಿನ ಸದ್ದಿನ ಜೊತೆ ದಡಕ್ಕೆ ಬರುತ್ತವೆ. ಅವತ್ತು ಬಂದಿಳಿದದ್ದನ್ನು ಮತ್ತೆ ಆಡಿ ತೋರಿಸುವ ಈ ಆಟಕ್ಕೆ ಯುರುಮೇನ್ ಅನ್ನುತ್ತಾರೆ. ಸೇಂಟ್ ವಿನ್ಸೆಂಟ್‌ಗೆ ಅವರ ಭಾಷೆಯಲ್ಲಿ ಇರುವ ಹೆಸರೂ ಅದೇ.

ಆಮೇಲೆ ಅಡುಗೆ ಮಾಡುವ ಕಡೆ ಹೋಗಿ ಕೂತುಕೊಳ್ಳಿ, ನನ್ನ ಪ್ರಕಾರ ಜಾಸ್ತಿ ಕಲಿಯೋದು ಅಲ್ಲೇ. ಕಹಿ ಮರಗೆಣಸಿನಲ್ಲಿ ಸಯನೈಡ್ ವಿಷ ಇರುತ್ತದೆ. ಅದನ್ನು ತುರಿದು, ರುಗುಮಾ ಅನ್ನೋ ಹಾವಿನಂಥ ಉದ್ದ ಹೆಣಿಗೆಯ ಚೀಲಕ್ಕೆ ತುಂಬಿ ತೂಗುಹಾಕುತ್ತಾರೆ. ಕೆಳಗೆ ಭಾರ ಕೊಟ್ಟು ಎಳೆದರೆ ಚೀಲ ಸಣ್ಣಗಾಗಿ, ವಿಷದ ರಸ ತೊಟ್ಟಿಕ್ಕುತ್ತದೆ. ಉಳಿದ ಹಿಟ್ಟನ್ನು ಜರಡಿ ಹಿಡಿದು, ಅಗಲವಾದ ಕಾವಲಿಯ ಮೇಲೆ ಎರೆಬಾ ರೊಟ್ಟಿ ಸುಡುತ್ತಾರೆ. ಸೇಂಟ್ ವಿನ್ಸೆಂಟ್‌ನ ಮೂಲನಿವಾಸಿಗಳಿಂದ ಬಂದ ಕೈಕೆಲಸ ಇದು. ಫೋಟೋ ತೆಗೆಯುವ ಮುಂಚೆ ಕೇಳಿ. ತುರಿಯುವ ಹಲಗೆ ಕೈಗೆ ಕೊಟ್ಟರೆ ಬೇಡ ಅನ್ನಬೇಡಿ.