ಕಾರಿನ ಬಾಗಿಲ ಬೀಗವನ್ನು ಹಳೆ ಕೀಗೇ ಹೊಂದಿಸಿಕೊಂಡದ್ದು

ನನ್ನ ಕಾರಿನ ಡ್ರೈವರ್ ಬಾಗಿಲ ಬೀಗಕ್ಕೆ ಯಾರೋ ಸ್ಕ್ರೂಡ್ರೈವರ್ ತುರುಕಿ ಜೋರಾಗಿ ತಿರುಗಿಸಲು ನೋಡಿದ್ದರು. ಬಾಗಿಲು ತೆರೆದಿರಲಿಲ್ಲ. ಆದರೆ ಬೀಗ ಹಾಳಾಗಿತ್ತು, ಕೀ ಅರ್ಧ ಮಾತ್ರ ಒಳಗೆ ಹೋಗುತ್ತಿತ್ತು. ರಿಮೋಟ್ ಇದೆಯಲ್ಲ, ಹಾಗೇ ಬಿಡಿ ಅಂದವರೂ ಇದ್ದರು. ನನಗೆ ಅದು ಸರಿ ಅನ್ನಿಸಲಿಲ್ಲ. ಕಾರಿನ ಬ್ಯಾಟರಿ ಪೂರ್ತಿ ಇಳಿದ ದಿನ ರಿಮೋಟ್ ಒತ್ತಿ ಏನು ಪ್ರಯೋಜನ? ಆಗ ಒಳಗೆ ಹೋಗಲು ಆ ಕೀ ತೂತು ಒಂದೇ ದಾರಿ.

ಹೊಸ ಸಿಲಿಂಡರ್ (ಕೀ ಹಾಕಿ ತಿರುಗಿಸುವ ಬೀಗದ ಭಾಗ) ಹಾಕಿದರೆ ಅದರ ಜೊತೆ ಹೊಸ ಕೀ ಬರುತ್ತದೆ. ಬಾಗಿಲಿಗೆ ಒಂದು, ಇಗ್ನಿಷನ್‌ಗೆ ಇನ್ನೊಂದು ಅಂತ ಎರಡು ಕೀ ಹೊತ್ತು ತಿರುಗುವುದು ನನಗೆ ಬೇಡವಾಗಿತ್ತು. ಅದಕ್ಕೇ ಗುಜರಿಗೆ ಹೋದ ಅದೇ ಮಾಡೆಲ್ ಗಾಡಿಯಿಂದ ಒಂದು ಸಿಲಿಂಡರನ್ನು ಅದರ ಕೀ ಸಮೇತ ತಂದೆ. ಅದನ್ನು ಬಿಚ್ಚಿ ನನ್ನ ಕೀಗೆ ಹೊಂದುವ ಹಾಗೆ ಕಟ್ಟುವುದು ಅಂತ ತೀರ್ಮಾನಿಸಿದೆ.

ಮನೆ ಬಾಗಿಲ ಸಿಲಿಂಡರ್ ಬೀಗದಲ್ಲಿ ಸಾಮಾನ್ಯವಾಗಿ ಪಿನ್ನುಗಳಿರುತ್ತವೆ. ಕಾರಿನ ಬಾಗಿಲಲ್ಲಿ ಹೆಚ್ಚಾಗಿ ಇರುವುದು ವೇಫರ್, ಅಂದರೆ ಹಿತ್ತಾಳೆಯ ತೆಳು ತಟ್ಟೆಗಳು. ಪ್ರತಿ ತಟ್ಟೆಯ ನಡುವೆ ಚೌಕಾಕಾರದ ಒಂದು ಕಿಂಡಿ. ತಟ್ಟೆಗಳ ಹೊರ ಅಳತೆ ಎಲ್ಲಾ ಒಂದೇ, ಕಿಂಡಿ ಇರುವ ಎತ್ತರ ಮಾತ್ರ ಬೇರೆ ಬೇರೆ. ಒಂದು ನಂಬರಿಗೂ ಮುಂದಿನ ನಂಬರಿಗೂ ವ್ಯತ್ಯಾಸ ಸುಮಾರು ಅರ್ಧ ಮಿಲಿಮೀಟರ್ ಆಚೀಚೆ. ಕೀ ಆ ಕಿಂಡಿಗಳ ಮೂಲಕ ಹಾದುಹೋಗುತ್ತದೆ. ಸರಿಯಾದ ಕೀ ಹಾಕಿದಾಗ ಎಲ್ಲ ತಟ್ಟೆಗಳೂ ಅವನ್ನು ಹೊತ್ತ ಒಳಗಿನ ಉರುಳೆ, ಅಂದರೆ ಪ್ಲಗ್‌ನ ಮೈಮಟ್ಟಕ್ಕೆ ಬಂದು ನಿಲ್ಲುತ್ತವೆ, ಪ್ಲಗ್ ತಿರುಗುತ್ತದೆ. ಒಂದೇ ಒಂದು ತಟ್ಟೆ ಹೊರಗೆ ಚಾಚಿಕೊಂಡರೂ ಅದು ಹೊರ ಕವಚದ ಒಳಮೈಯ ತೋಡಿಗೆ ಸಿಕ್ಕಿಕೊಂಡು ಪ್ಲಗ್ ಅಲುಗುವುದಿಲ್ಲ. ಇಷ್ಟು ಅರ್ಥವಾದರೆ ಉಳಿದದ್ದು ಕೈಕೆಲಸ.

ಬಾಗಿಲು ಬಿಚ್ಚುವುದನ್ನು ಚುಟುಕಾಗಿ ಹೇಳುತ್ತೇನೆ. ಮೊದಲು ಗಾಜು ಪೂರ್ತಿ ಮೇಲಕ್ಕೆ. ಆಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು ಸ್ವಲ್ಪ ಹೊತ್ತು ಬಿಡಬೇಕು, ಏಕೆಂದರೆ ಕೆಲವು ಗಾಡಿಗಳ ಬಾಗಿಲಲ್ಲೇ ಏರ್‌ಬ್ಯಾಗ್ ಸೆನ್ಸರ್ ಇರುತ್ತದೆ. ಸ್ಕ್ರೂಗಳು ಹಿಡಿಕೆಯ ಹಿಂದೆ, ತೋಳಿಡುವ ಜಾಗದ ಕೆಳಗೆ ಪುಟ್ಟ ಮುಚ್ಚಳಗಳಡಿ ಅಡಗಿರುತ್ತವೆ. ಎಲ್ಲ ಸ್ಕ್ರೂ ತೆಗೆದ ಮೇಲೆಯೇ ಪ್ಯಾನೆಲ್‌ನ ಅಂಚಿಗೆ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಡಿಸಬೇಕು. ಒಳಗೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ಹರಿಯಬೇಡಿ. ಗಾಜಿನ ಸಂದಿಯಿಂದ ಇಳಿದ ಮಳೆ ನೀರು ಬಾಗಿಲ ತಳದ ತೂತುಗಳಿಂದ ಹೊರಗೆ ಹೋಗುವುದು ಆ ಹಾಳೆಯಿಂದಲೇ. ಅದು ಸರಿಯಾಗಿ ಕೂರದಿದ್ದರೆ ನೀರು ಕಾರಿನೊಳಗೆ, ಕಾಲ ಕೆಳಗಿನ ಕಾರ್ಪೆಟ್‌ಗೆ ಬರುತ್ತದೆ. ಈಗಿನ ಕೆಲವು ಗಾಡಿಗಳಲ್ಲಿ ಇಷ್ಟೆಲ್ಲ ಬೇಕಿಲ್ಲ. ಬಾಗಿಲ ಪಕ್ಕದ ಅಂಚಿನಲ್ಲಿ ಒಂದು ರಬ್ಬರ್ ಬಿರಡೆ, ಅದರ ಹಿಂದೆ ಒಂದು ಸ್ಕ್ರೂ. ಅದನ್ನು ಸಡಿಲಿಸಿದರೆ ಸಿಲಿಂಡರ್ ಹೊರಗಿನಿಂದಲೇ ಕೈಗೆ ಬರುತ್ತದೆ. ನಿಮ್ಮದು ಯಾವುದು ಅಂತ ಮೊದಲು ನೋಡಿಕೊಳ್ಳಿ.

ನನ್ನದರಲ್ಲಿ ಸಿಲಿಂಡರಿನ ಬಾಲಕ್ಕೆ ಒಂದು ಲಿವರ್, ಅದರಿಂದ ಬಾಗಿಲನ್ನು ಮುಚ್ಚಿ ಹಿಡಿಯುವ ಲ್ಯಾಚ್‌ಗೆ ಒಂದು ರಾಡ್. ರಾಡನ್ನು ಹಿಡಿದಿರುವ ಪ್ಲಾಸ್ಟಿಕ್ ಕ್ಲಿಪ್ ಎಳೆದರೆ ಮುರಿಯುತ್ತದೆ. ಅದನ್ನು ರಾಡಿನಿಂದ ಆಚೆಗೆ ತಿರುಗಿಸಿ, ಆಮೇಲೆ ರಾಡನ್ನು ಬಿಡಿಸಬೇಕು.

ನಿಜವಾದ ಕೆಲಸ ಮೇಜಿನ ಮೇಲೆ. ತಂದ ಸಿಲಿಂಡರಿನ ಹಿಂಭಾಗದ ಲಿವರ್ ಮತ್ತು ಸ್ಪ್ರಿಂಗನ್ನು ಬಿಚ್ಚುವ ಮೊದಲು ಎಲ್ಲ ಕಡೆಯಿಂದ ಫೋಟೊ ತೆಗೆದೆ. ಆ ಸ್ಪ್ರಿಂಗಿನ ಎರಡು ಕಾಲುಗಳು ಎಲ್ಲಿ ಕೂತಿದ್ದವು ಅನ್ನುವುದು ಬಿಚ್ಚಿದ ಮೇಲೆ ಖಂಡಿತ ನೆನಪಿರುವುದಿಲ್ಲ. ಮುಂಭಾಗದ ತೆಳು ತಗಡಿನ ಟೋಪಿಯ ಅಂಚನ್ನು ಸಣ್ಣ ಬ್ಲೇಡಿನಿಂದ ಸುತ್ತಲೂ ಸ್ವಲ್ಪ ಸ್ವಲ್ಪವೇ ಎಬ್ಬಿಸಿ ತೆಗೆದೆ. ಅವಸರ ಮಾಡಿದರೆ ಆ ತಗಡು ಹರಿಯುತ್ತದೆ. ಆಮೇಲೆ ಅದರ ಕೀಯನ್ನು ಪೂರ್ತಿ ಒಳಗೆ ಹಾಕಿ, ಕೀ ಸಮೇತ ಪ್ಲಗ್ ಎಳೆದೆ. ಈ ಕ್ರಮ ತಪ್ಪಬಾರದು. ಕೀ ಇಲ್ಲದೆ ಪ್ಲಗ್ ಹೊರಬಂದರೆ ತಟ್ಟೆಗಳು ಚಿಮ್ಮಿ ಹೋಗುತ್ತವೆ, ಅವನ್ನು ತಳ್ಳುವ ಸಾಸಿವೆ ಕಾಳಿನ ಗಾತ್ರದ ಸ್ಪ್ರಿಂಗುಗಳು ನೆಲಕ್ಕೆ ಬಿದ್ದರೆ ಸಿಗುವುದಿಲ್ಲ. ನಾನು ಇದನ್ನೆಲ್ಲ ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿಕೊಂಡೇ ಮಾಡಿದೆ.

ಇನ್ನು ಹಳೆಯ ಬೀಗ. ಬೇರೆ ತಟ್ಟೆಗಳ ಸೆಟ್ ಹುಡುಕಿ ಹೊರಡುವ ಮೊದಲು ಒಂದು ವಿಷಯ ಯೋಚಿಸಬೇಕು. ನನ್ನ ಕೀಗೆ ಸರಿಹೊಂದುವ ತಟ್ಟೆಗಳು ಆಗಲೇ ನನ್ನ ಕೆಟ್ಟ ಬೀಗದೊಳಗೇ ಇದ್ದವಲ್ವಾ? ಕೆಟ್ಟಿದ್ದು ಕವಚ, ಲಿವರ್ ಮತ್ತು ಮುಂದಿನ ಕೆಲವು ತಟ್ಟೆಗಳು ಮಾತ್ರ. ಕೀ ಪೂರ್ತಿ ಹೋಗದ ಕಾರಣ ಹಳೆ ಕವಚವನ್ನೇ ತಟ್ಟೆಗಳಿಲ್ಲದ ಬದಿಯಲ್ಲಿ ಗರಗಸದಿಂದ ಉದ್ದಕ್ಕೆ ಸೀಳಿ ಪ್ಲಗ್ ತೆಗೆದೆ. ಮೆತ್ತಗಿನ ಎರಕದ ಲೋಹ, ಸುಲಭವಾಗಿ ಸೀಳುತ್ತದೆ. ತಟ್ಟೆಗಳನ್ನು ಚಿಮುಟದಿಂದ ಒಂದೊಂದಾಗಿ ತೆಗೆದು, ಕಾಗದದ ಮೇಲೆ ಅದೇ ಕ್ರಮದಲ್ಲಿ ಇಟ್ಟು, ಪ್ರತಿಯೊಂದರ ಮೇಲೆ ಒತ್ತಿದ್ದ ನಂಬರ್ ಬರೆದುಕೊಂಡೆ. ನನ್ನದರಲ್ಲಿ ಒಂದು ತಟ್ಟೆಯ ಸ್ಪ್ರಿಂಗ್ ಮೇಲಕ್ಕಿದ್ದರೆ ಮುಂದಿನದರದು ಕೆಳಕ್ಕೆ. ಅದನ್ನೂ ಬರೆದುಕೊಳ್ಳಬೇಕು. ಬಾಗಿದ್ದ ತಟ್ಟೆಗಳನ್ನು ಬದಿಗಿಟ್ಟು, ಅವೇ ನಂಬರಿನವನ್ನು ಗುಜರಿ ಸಿಲಿಂಡರಿನಿಂದ ಹೆಕ್ಕಿದೆ.

ಗುಜರಿಯಿಂದ ತಂದ ಪ್ಲಗ್ ಖಾಲಿ ಮಾಡಿ ಈ ತಟ್ಟೆಗಳನ್ನು ತುಂಬಿದ ಮೇಲೆ ನನ್ನ ಕೀ ಹಾಕಿ ಬೆಳಕಿಗೆ ಹಿಡಿದು ನೋಡಿದೆ. ಮನೆಯಲ್ಲಿದ್ದ, ಜಾಸ್ತಿ ಬಳಸದ ಸ್ಪೇರ್ ಕೀಯನ್ನೇ ಅಳತೆಗೆ ಇಟ್ಟುಕೊಂಡೆ. ವರ್ಷಗಟ್ಟಲೆ ಸವೆದ ಕೀಗೆ ಹೊಂದಿಸಿದರೆ ಆ ಸವೆತಕ್ಕೇ ಬೀಗ ಕಟ್ಟಿದಂತಾಗುತ್ತದೆ. ಎಲ್ಲ ತಟ್ಟೆಯೂ ಮಟ್ಟವಾಗಿರಬೇಕು, ಉಗುರು ಎಳೆದರೆ ಎಲ್ಲೂ ತಡೆಯಬಾರದು. ಒಂದು ತಟ್ಟೆ ಸ್ಪ್ರಿಂಗ್ ತಳ್ಳುವ ದಿಕ್ಕಿಗೆ ಚಾಚಿದರೆ ನಂಬರನ್ನು ಒಂದು ಕಡೆಗೆ (ದೊಡ್ಡದಕ್ಕೋ ಚಿಕ್ಕದಕ್ಕೋ) ಬದಲಿಸಬೇಕು, ಎದುರು ದಿಕ್ಕಿಗೆ ಚಾಚಿದರೆ ಇನ್ನೊಂದು ಕಡೆಗೆ. ನನ್ನಲ್ಲಿ ಒಂದು ಸ್ವಲ್ಪ ಎದ್ದಿತ್ತು. ನಂಬರ್ ಬದಲಿಸಿದೆ, ಕೂತಿತು.

ಇಲ್ಲಿ ಅನೇಕರು ಅರ ತಗೊಂಡು ಚಾಚಿದ ತಟ್ಟೆಯ ತುದಿಯನ್ನು ತೀಡಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತುದಿ ತೀಡಿದ ತಟ್ಟೆ ಕವಚದ ತೋಡಿನಲ್ಲಿ ಗಟ್ಟಿಯಾಗಿ ಕೂರುವುದಿಲ್ಲ, ಬೇರೆ ಕೀಗಳಿಗೂ ಜಾಗ ಬಿಡುತ್ತದೆ. ನಿಮ್ಮ ಕೀಗೆ ತೆರೆಯಿತು ಅನ್ನುವ ಖುಷಿಯಲ್ಲಿ ಬೀಗವೇ ದುರ್ಬಲವಾಗಿರುತ್ತದೆ. ತಟ್ಟೆ ಬದಲಿಸುವುದಕ್ಕೆ ಹತ್ತು ನಿಮಿಷ ಜಾಸ್ತಿ ಬೇಕಾಗಬಹುದು, ಅಷ್ಟೇ. ಇನ್ನೊಂದು ಮಾತು. ಕೀ ಮೇಲಿನ ಎಲ್ಲ ಹಲ್ಲುಗಳನ್ನೂ ಬಾಗಿಲ ಬೀಗ ಬಳಸಲೇಬೇಕು ಅಂತಿಲ್ಲ. ಕೆಲವು ಗಾಡಿಗಳಲ್ಲಿ ಕೆಲವು ಹಲ್ಲುಗಳು ಇಗ್ನಿಷನ್‌ಗೆ ಮಾತ್ರ. ತಟ್ಟೆ ಕಡಿಮೆ ಇದೆ ಅಂತ ಗಾಬರಿಯಾಗಬೇಕಿಲ್ಲ.

ಒಣ ಗ್ರಾಫೈಟ್ ಪುಡಿ ಒಂದು ಚಿಟಿಕೆ ಹಾಕಿ ಪ್ಲಗ್ ಕೂರಿಸಿದೆ. ಎಣ್ಣೆ ಹಾಕಿದ ಬೀಗಕ್ಕೆ ಗ್ರಾಫೈಟ್ ಸೇರಿಸಿದರೆ ಎರಡೂ ಸೇರಿ ಕಪ್ಪು ಕೆಸರಾಗುತ್ತದೆ, ಆದ್ದರಿಂದ ಯಾವುದಾದರೂ ಒಂದೇ.

ಪ್ಯಾನೆಲ್ ಹಾಕುವ ಮೊದಲು, ಬಾಗಿಲು ತೆರೆದೇ ಇರುವಾಗ ಪರೀಕ್ಷೆ ಮಾಡಬೇಕು. ಬಾಗಿಲ ಅಂಚಿನ ಲ್ಯಾಚನ್ನು ಸ್ಕ್ರೂಡ್ರೈವರಿನಿಂದ ತಳ್ಳಿ ಮುಚ್ಚಿದಂತೆ ಮಾಡಿದೆ. ಕೀ ಹಾಕಿ ಬೀಗ ಹಾಕಿದೆ, ಹೊರ ಹಿಡಿಕೆ ಎಳೆದೆ, ಬಿಡಲಿಲ್ಲ. ಕೀಯಿಂದಲೇ ಬೀಗ ತೆಗೆದೆ, ಹಿಡಿಕೆ ಎಳೆದೆ, ಲ್ಯಾಚ್ ಟಕ್ಕೆಂದು ಬಿಟ್ಟಿತು. ಒಳಗಿನ ಗುಂಡಿಯಿಂದಲೂ ಇದೇ ರೀತಿ ನೋಡಿದೆ. ಲ್ಯಾಚನ್ನು ಬಿಡಿಸದೆ ಬಾಗಿಲು ಮುಚ್ಚಬೇಡಿ. ಮುಚ್ಚಿದ ಲ್ಯಾಚ್ ಬಾಗಿಲ ಚೌಕಟ್ಟಿನ ಕಂಬದಲ್ಲಿರುವ ಕೊಕ್ಕೆಗೆ ಬಡಿದು ಎರಡೂ ಹಾಳಾಗುತ್ತವೆ.

ಈ ಕೆಲಸದಿಂದ ಕೀಯೊಳಗಿನ ಚಿಪ್‌ಗೆ ಏನೂ ಆಗುವುದಿಲ್ಲ. ಇಂಜಿನ್ ಹೊತ್ತಿಸಲು ಇಮ್ಮೊಬಿಲೈಜರ್ (ಕಳ್ಳತನ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ) ನೋಡುವುದು ಆ ಚಿಪ್ಪನ್ನು, ಬಾಗಿಲ ತಟ್ಟೆಗಳನ್ನಲ್ಲ. ಕೀ ಕಳೆದುಹೋದವರ ಕಥೆ ಬೇರೆ. ಅವರು ಎಲ್ಲ ಬೀಗಗಳಲ್ಲೂ ತಟ್ಟೆಗಳ ಕ್ರಮ ಬದಲಿಸಿ ಹೊಸ ಕೀ ಕಡಿಸಬೇಕು, ಜೊತೆಗೆ ಕಳೆದ ಕೀಯ ಚಿಪ್ಪನ್ನು ಗಾಡಿಯ ನೆನಪಿನಿಂದ ಅಳಿಸಬೇಕು. ಇದರಲ್ಲಿ ಒಂದು ಮಾಡಿ ಇನ್ನೊಂದು ಬಿಟ್ಟರೆ ಅರ್ಧ ಕೆಲಸ.

ನನ್ನಲ್ಲಿ ಉಳಿದ ತಟ್ಟೆ, ಸ್ಪ್ರಿಂಗುಗಳು ಒಂದು ಡಬ್ಬಿಯಲ್ಲಿವೆ, ನಂಬರ್ ಬರೆದ ಕಾಗದವೂ ಅದರಲ್ಲೇ ಇದೆ. ಡಿಕ್ಕಿಯ ಬೀಗಕ್ಕೂ ಇದೇ ಜಾತಿಯ ತಟ್ಟೆಗಳು, ಅದೂ ಇತ್ತೀಚೆಗೆ ಬಿಗಿಯಾಗುತ್ತಿದೆ.