ಸೋಫಾ ಅಂಗಡಿಯ ಸ್ಪಂಜು ಎಕ್ಸ್‌ರೇ ಕೋಣೆಗೆ ಬಂತು

ಕೈಯ ಅಬ್ಲಿಕ್ ವ್ಯೂ, ಅಂದರೆ ಓರೆಯಾಗಿಟ್ಟ ಕೈಯ ಎಕ್ಸ್‌ರೇ, ತೆಗೆಯುವಾಗ ಅಂಗೈಯನ್ನು 45 ಡಿಗ್ರಿ ಓರೆಯಾಗಿ ಅಲ್ಲಾಡದೆ ಇಡಬೇಕು. ನೋವಿರುವವರಿಗೆ ಅದು ಆಗುವ ಮಾತಾ? ನಾನು ಮಂಗಳೂರಿನ ಒಂದು ಸಣ್ಣ ಸ್ಕ್ಯಾನಿಂಗ್ ಸೆಂಟರಿನಲ್ಲಿ ಟೆಕ್ನಿಷಿಯನ್. ಬಿದ್ದು ಬಂದ ಅಜ್ಜಿಯೊಬ್ಬರು "ಬೇನೆ ಆಪುಂಡು ಮಗಾ" (ನೋವಾಗ್ತದೆ ಮಗಾ) ಎನ್ನುತ್ತಾ, ನಾನು ಬಟನ್ ಒತ್ತುವಷ್ಟರಲ್ಲಿ ಕೈ ಇಳಿಸಿಬಿಟ್ಟರು. ಮತ್ತೆ ತೆಗೆಯಬೇಕಾಯಿತು. ಸುಮ್ನೆ ಎರಡು ಸಲ ರೇಡಿಯೇಷನ್. ನಾವೇ ಹಿಡಿದು ನಿಲ್ಲುವ ಹಾಗೂ ಇಲ್ಲ. ದಿನಾ ಹಾಗೆ ಮಾಡಿದರೆ ನಮ್ಮ ಗತಿ ಏನು?

ಕೈಕಾಲಿಗೆ ಆಧಾರವಾಗಿ ಇಡುವ ಓರೆ ಸ್ಪಂಜುಗಳ ಕಂಪನಿ ಸೆಟ್ ತರಿಸಿ ಎಂದಾಗ ಓನರ್ "ನೋಡುವ" ಎಂದರು. ನಮ್ಮೂರಲ್ಲಿ "ನೋಡುವ" ಅಂದರೆ ಇಲ್ಲ ಅಂತಲೇ.

ಮಗಳ ಜಾಮಿಟ್ರಿ ಬಾಕ್ಸಿನ ಮೂಲೆಮಟ್ಟ ಇಟ್ಟು ದಪ್ಪ ರಟ್ಟಿನಲ್ಲಿ 45 ಮತ್ತು 30 ಡಿಗ್ರಿಯ ಅಳತೆ ಕತ್ತರಿಸಿಕೊಂಡು ಕುಶನ್ ಅಂಗಡಿಗೆ ಹೋದೆ. ಅಂಗಡಿಯವರು ರಟ್ಟು ತಿರುಗಿಸಿ ತಿರುಗಿಸಿ ನೋಡಿ, "ಇದು ಎಂತ ಸೋಫಾ ಮಾರಾಯ್ರೆ, ಕೂತರೆ ಜಾರ್ತದೆ ಅಲ್ವಾ?" ಎಂದರು. ಮೆತ್ತಗಿನ ಸ್ಪಂಜು ಬೇಡ ಎಂದೆ. ಅದರ ಮೇಲೆ ಕೈ ಇಟ್ಟರೆ ಕುಸಿದು ಕೋನವೇ ಬದಲಾಗುತ್ತದೆ. ಗಟ್ಟಿಯದನ್ನೇ ಆರಿಸಿ, ಒರೆಸಲು ಸುಲಭ ಎಂದು ರೆಕ್ಸಿನ್ ಕವರ್ ಹೊಲಿಸಿದೆ.

ಮೊದಲ ತುಂಡು ಕೆಟ್ಟಿತು. ದಪ್ಪ ಸಾಲದೆ ಅವರು ಎರಡು ಸ್ಪಂಜು ಅಂಟಿಸಿದ್ದರು. ಫಿಲ್ಮ್ ನೋಡಿದ ಡಾಕ್ಟ್ರು ಬೆರಳಿನ ಮೂಳೆಯ ಪಕ್ಕ ಪೆನ್ನು ಇಟ್ಟು "ಇದೆಂತ ಬಿಳಿ ಗೆರೆ?" ಎಂದು ಕೇಳಿದರು. ಅಂಟಿನ ಗೆರೆ! ಕವರಿಗೆ ಹಾಕಿದ್ದ ಲೋಹದ ಜಿಪ್ಪಂತೂ ಹಲ್ಲು ಹಲ್ಲಾಗಿ ಕಾಣುತ್ತಿತ್ತು. ಈಗ ಒಂದೇ ತುಂಡಿನ ಸ್ಪಂಜು, ಜಿಪ್ಪಿನ ಬದಲು ವೆಲ್ಕ್ರೋ, ಹೊಲಿಗೆ ಎಲ್ಲಾ ಅಂಚಿಗೆ. ಹೊಸ ತುಂಡು ಬಂದ ಕೂಡಲೇ ಅದನ್ನೊಂದನ್ನೇ ಮೇಜಿನ ಮೇಲಿಟ್ಟು ಕೈಗೆ ಕೊಡುವ 50 ಕೆವಿಯಲ್ಲಿ (ಕೆವಿ ಅಂದರೆ ಎಕ್ಸ್‌ರೇ ಟ್ಯೂಬಿಗೆ ಕೊಡುವ ವೋಲ್ಟೇಜ್) ಒಂದು ಎಕ್ಸ್‌ರೇ ತೆಗೆಯುತ್ತೇನೆ. ಕೆವಿ ಕಮ್ಮಿ ಇದ್ದಾಗ ಸಣ್ಣ ಗೆರೆಯೂ ಎದ್ದು ಕಾಣುತ್ತದೆ. ಜಾಸ್ತಿ ಕೆವಿಯಲ್ಲಿ ನೋಡಿ ಸರಿ ಇದೆ ಅಂದುಕೊಂಡರೆ ಮೋಸ.

ಕಾಲು ಅಲುಗದಂತೆ ಭಾರ ಇಡಲು ಹೊಯ್ಗೆ (ಮರಳು) ತುಂಬಿದ ಚೀಲ ಮಾಡಿದೆವು. ಅದು ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತದೆ, ಬೇಕಾದ ಜಾಗದಿಂದ ಆಚೆಗೇ ಇರಬೇಕು. ಎಂಆರ್‌ಐಗೂ ಅದೇ ಸಾಕಲ್ವಾ ಎಂದು ಜೊತೆಯ ಹುಡುಗ ಕೇಳಿದ. ಹಳೇ ಸ್ಪೀಕರಿನ ಮ್ಯಾಗ್ನೆಟ್ ತಂದು ಹೊಯ್ಗೆಯಲ್ಲಿ ಆಡಿಸಿ ತೋರಿಸಿದೆ. ಎತ್ತಿದಾಗ ಅದಕ್ಕೆ ಕರಿ ಗಡ್ಡ ಬಂದಿತ್ತು. ಹೊಯ್ಗೆಯಲ್ಲಿ ಕಬ್ಬಿಣದ ಅದಿರಿನ ಕಣ ಇರುತ್ತದೆ. ಎಂಆರ್‌ಐ ಯಂತ್ರವೇ ಒಂದು ದೊಡ್ಡ ಮ್ಯಾಗ್ನೆಟ್, ಆ ಚೀಲ ಅದರ ಕೋಣೆಯ ಬಾಗಿಲು ದಾಟುವ ಹಾಗಿಲ್ಲ.

ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಮೊಣಕಾಲಿನ ಅಡಿಗೆ ಇಡುವ ದೊಡ್ಡ ತುಂಡು. ಮೊಣಕಾಲು ಮಡಚಿದರೆ ಸೊಂಟ ಮೇಜಿಗೆ ಕೂತುಕೊಳ್ಳುತ್ತದೆ, ನೋವು ಕಮ್ಮಿ, ಹೊರಳಾಟವೂ ಕಮ್ಮಿ. ಬೆನ್ನಿನ ಸಿಟಿ ಸ್ಕ್ಯಾನಿಗೆ ಬಂದ ಒಬ್ಬರು ಅದರ ಮೇಲೆ ಕಾಲಿಟ್ಟು ಗೊರಕೆಯೇ ಹೊಡೆದರು.

ತಲೆಬಿಸಿ ಮಳೆಯದ್ದು. ಒರೆಸುವಾಗ ಹೊಲಿಗೆಯ ತೂತಿನಿಂದ ನೀರು ಒಳಗಿಳಿಯುತ್ತದೆ, ಮಳೆಗಾಲದಲ್ಲಿ ಅದು ಒಣಗುವುದಿಲ್ಲ. ಕಳೆದ ಆಟಿಯಲ್ಲಿ (ತುಳುವಿನ ಮಳೆಗಾಲದ ತಿಂಗಳು) ವಾಸನೆ ಬಂತೆಂದು ಕವರ್ ಬಿಚ್ಚಿದರೆ ಒಳಗೆಲ್ಲ ಕರಿ ಬೂಸ್ಟು. ಎಸೆದೆ. ಈಗ ಚೆನ್ನಾಗಿ ಹಿಂಡಿದ ಬಟ್ಟೆಯಲ್ಲೇ ಒರೆಸಿ ಫ್ಯಾನಿನಡಿ ನಿಲ್ಲಿಸುತ್ತೇವೆ. ಹೊಸದು ಬೇಕಾದರೆ ಫೋನ್ ಮಾಡಿದರಾಯಿತು, ನನ್ನ ರಟ್ಟುಗಳು ಆ ಅಂಗಡಿಯ ಗೋಡೆಯಲ್ಲೇ ನೇತಾಡುತ್ತಿವೆ.